ನೀರಿಗೆ ಎಷ್ಟು ಹೆಜ್ಜೆ

ಚಿಲಕದ ಚಿತ್ರವನ್ನು ಯಾರೂ ಹಾಕುವುದಿಲ್ಲ. ಹೋಮ್‌ಸ್ಟೇಗಳ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುತ್ತ ಕುಳಿತ ಹದಿನೈದು ದಿನಗಳಲ್ಲಿ ನಾನು ಕಂಡುಕೊಂಡ ಮೊದಲ ಸತ್ಯ ಇದು. ಹಾಸಿಗೆಯ ಮೇಲೆ ಟವೆಲನ್ನು ಹಂಸದ ಹಾಗೆ ಮಡಚಿಟ್ಟ ಚಿತ್ರವಿರುತ್ತದೆ, ತಟ್ಟೆಯಲ್ಲಿ ಹೆಚ್ಚಿಟ್ಟ ಕಲ್ಲಂಗಡಿಯ ಚಿತ್ರವಿರುತ್ತದೆ, ಕಿಟಕಿಯಾಚೆ ಹೊಳೆಯುವ ನೀರಿನ ಚಿತ್ರವಂತೂ ಏಳೆಂಟು ಕೋನಗಳಿಂದ ಇರುತ್ತದೆ. ಆದರೆ ಆ ಹಾಸಿಗೆಗೂ ಆ ನೀರಿಗೂ ನಡುವೆ ಇರುವ ಬಾಗಿಲು ಹೇಗೆ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಹೊರಗಿನಿಂದ ಚಿಲಕವಿದೆಯೇ, ಇದ್ದರೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ತೋರಿಸುವ ಚಿತ್ರ ಒಂದೂ ಇರುವುದಿಲ್ಲ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಬಾಗಿಲಿನ ಅಂಚಿಗೆ ಬಂದು ನಿಂತರೆ ಕಾಣುವುದು ಕಂದು ಬಣ್ಣದ ನಾಲ್ಕು ಚುಕ್ಕೆ. ಅದು ಚಿಲಕವೋ ಹಲ್ಲಿಯೋ ಹೇಳಲಾಗದು.

ನಿಮಗೆ ನಗು ಬಂದರೆ ತಪ್ಪಿಲ್ಲ. ನೀರಿನ ದಂಡೆಗೆ ರಜೆ ಕಳೆಯಲು ಹೊರಟವರು ಚಿಲಕ ಹುಡುಕುವುದು ಮದುವೆಗೆ ಹೋಗಿ ಪಂಚನಾಮೆ ಬರೆದ ಹಾಗೆಯೇ ಸರಿ. ಆದರೆ ನನ್ನ ಸ್ಥಿತಿಯನ್ನು ಹೇಳಿಬಿಡುತ್ತೇನೆ, ಆಮೇಲೆ ನೀವೇ ತೀರ್ಪು ಕೊಡಿ. ನಾನು ಮೂವತ್ತೊಂದು ವರ್ಷ ಕುಂದಗೋಳದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಉಪಸಂಪಾದಕಿಯಾಗಿ ದುಡಿದವಳು. ಬೇರೆಯವರು ಬರೆದದ್ದನ್ನು ಒರೆಗೆ ಹಚ್ಚುವುದು, ಉಬ್ಬಿದ ಮಾತನ್ನು ಕತ್ತರಿಸುವುದು, ಕೇಳದೇ ಬಿಟ್ಟ ಪ್ರಶ್ನೆಯನ್ನು ವರದಿಗಾರನಿಗೆ ಮತ್ತೆ ಕೇಳಿಸುವುದು ನನ್ನ ಕಸುಬು. ನನ್ನ ಗಂಡ ಕುಂದಗೋಳದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಹುಟ್ಟೂರು ನವಲಗುಂದ ತಾಲೂಕಿನ ತಿರ್ಲಾಪುರ. ಊರೆಲ್ಲ ಅವರನ್ನು ಮಾಸ್ತರು ಅನ್ನುವುದರಿಂದ ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ. ಮಾಸ್ತರಿಗೆ ಈಗ ನಾಲ್ಕು ವರ್ಷದಿಂದ ಮರೆವಿನ ರೋಗ. ಡಾಕ್ಟರು ಡಿಮೆನ್ಶಿಯಾ ಎಂದು ಬರೆದುಕೊಟ್ಟ ಚೀಟಿ ಕಪಾಟಿನಲ್ಲಿದೆ. ರೋಗ ಮಾತ್ರ ಮನೆಯ ತುಂಬ ಓಡಾಡಿಕೊಂಡಿದೆ.

ಓಡಾಡುವುದೇ ಅದರ ಮುಖ್ಯ ಕೆಲಸ. ಬಾಗಿಲು ತೆರೆದಿದ್ದರೆ ಮಾಸ್ತರು ಹೊರಟರು. ಎಲ್ಲಿಗೆ ಎಂದು ಕೇಳಿದರೆ, “ಸಾಲಿಗೆ ಹೊತ್ತಾತು” ಎನ್ನುತ್ತಾರೆ. ಮೊದಲು ನನ್ನನ್ನು “ಲೇ” ಎಂದು ಕರೆಯುತ್ತಿದ್ದವರು ಈಗ “ಬಾಯಾರ” ಎಂದು ಮರ್ಯಾದೆ ಕೊಟ್ಟು ಮಾತಾಡಿಸುತ್ತಾರೆ, ಚಹಾ ಕೊಟ್ಟರೆ “ತ್ರಾಸ ಯಾಕ ತಗೊಂಡ್ರಿ” ಎನ್ನುತ್ತಾರೆ. ನಲವತ್ತು ವರ್ಷ ನನಗೆ ಇಷ್ಟು ಗೌರವ ಸಿಕ್ಕಿರಲಿಲ್ಲ, ಸಿಕ್ಕಾಗ ಬೇಡವಾಗಿದೆ.

ನೋಡಲು ಬಂದವರೆಲ್ಲ “ಸಣ್ಣ ಕೂಸಿನಂಗ ಆಗ್ಯಾರ” ಎಂದು ಹೇಳಿ ಹೋಗುತ್ತಾರೆ. ಈ ಮಾತನ್ನು ಕೇಳಿದಾಗಲೆಲ್ಲ ನನ್ನ ಕೈ ಕೆಂಪು ಪೆನ್ನಿಗಾಗಿ ತಡಕಾಡುತ್ತದೆ. ಕೂಸು ನಿನ್ನೆ ಬಿದ್ದ ಕಡೆ ಇಂದು ಹುಷಾರಾಗಿರುತ್ತದೆ. ಕೂಸಿಗೆ ದಿನದಿಂದ ದಿನಕ್ಕೆ ಒಂದು ಮಾತು ಹೆಚ್ಚು ಬರುತ್ತದೆ. ಕೂಸನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಹೋಗಬಹುದು. ಎಪ್ಪತ್ತೆರಡರ ಗಟ್ಟಿಮುಟ್ಟಾದ ಗಂಡಸನ್ನು ಯಾವ ಸೊಂಟದ ಮೇಲೆ ಕೂರಿಸಲಿ? ಸುಲಭವಾಗಿ ಬರುವ ಹೋಲಿಕೆ ಬಹುಪಾಲು ಸುಳ್ಳಾಗಿರುತ್ತದೆ ಎಂದು ನಾನು ಎಷ್ಟೋ ಹೊಸ ವರದಿಗಾರರಿಗೆ ಹೇಳಿದ್ದೇನೆ. ನೆಂಟರಿಗೆ ಹೇಳಲಾಗುವುದಿಲ್ಲ.

ಇಂಥ ಮನುಷ್ಯನನ್ನು ಕಟ್ಟಿಕೊಂಡು ನೀರಿನ ದಂಡೆಗೆ ಹೋಗುವ ಆಸೆ ಯಾರದು ಎಂದರೆ, ಮುಚ್ಚಿಡುವುದೇಕೆ, ನನ್ನದು. ನಾನು ಎರೆ ಭೂಮಿಯಲ್ಲಿ ಹುಟ್ಟಿ ಎರೆ ಭೂಮಿಯಲ್ಲೇ ಬೆಳೆದವಳು. ರಜೆಯ ಪುರವಣಿಗೆಂದು ಬಂದ ಕಡಲು, ಜಲಪಾತ, ಹಿನ್ನೀರಿನ ಚಿತ್ರಗಳಿಗೆ ಮೂವತ್ತೊಂದು ವರ್ಷ ಅಡಿಬರಹ ಬರೆದಿದ್ದೇನೆ, ಒಂದರ ಮುಂದೆಯೂ ಕುಳಿತಿಲ್ಲ. ನಾಲ್ಕು ವರ್ಷ ಬಾಗಿಲು ಕಾದ ಮೇಲೆ ಅನಿಸಿತು: ಎರಡು ದಿನ ನೀರಿನ ಮುಂದೆ ಖುರ್ಚಿ ಹಾಕಿಕೊಂಡು ಕೂಡಬೇಕು, ಅಷ್ಟೇ. ಮಾಸ್ತರನ್ನು ಯಾರ ಬಳಿಯಾದರೂ ಬಿಟ್ಟು ಹೋಗಬಹುದಿತ್ತು. ಆದರೆ ಅಪರಿಚಿತ ಮನೆಯಲ್ಲಿ ಅವರು ಊಟ ಬಿಡುತ್ತಾರೆ. ಪರಿಚಿತರ ಮನೆ ಎಂಬುದು ಅವರಿಗೆ ಈಗ ಒಂದೂ ಉಳಿದಿಲ್ಲ.

ವಿಷಯ ತಿಳಿದ ದಿನವೇ ಮೈದುನ ಈರಪ್ಪ ತಿರ್ಲಾಪುರದಿಂದ ಬಸ್ಸು ಹಿಡಿದು ಬಂದ. ಅಲ್ಲಿ ಹೊಲ ನೋಡಿಕೊಂಡಿರುವವನು. ಅಣ್ಣನೆಂದರೆ ಜೀವ, ಮಾತು ಮಾತ್ರ ಕುಡುಗೋಲು.

“ವೈನಿ, ನಿಮಗೇನರ ಹುಚ್ಚ ಹಿಡದೈತೇನ್ರಿ? ಬಾಗಲಾ ತಗದ್ರ ಓಡೂ ಮನಶಾನ್ನ ನೀರಿಗೆ ಕರಕೊಂಡ ಹೊಂಟೀರಿ!”

“ಎರಡ ದಿನಾ ಈರಪ್ಪ. ನನ್ನ ಕಣ್ಣ ಮುಂದ ಇರ್ತಾರ.”

“ಕಣ್ಣಂದ್ರ ಒಮ್ಮಿ ಮುಚ್ಚಾವ ಅಲ್ಲೇನ್ರಿ?”

ಹುಬ್ಬಳ್ಳಿಯಲ್ಲಿ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರವೊಂದಿದೆ. ಸ್ವಚ್ಛವಾಗಿದೆ, ನರ್ಸುಗಳಿದ್ದಾರೆ, ಎಲ್ಲ ಬಾಗಿಲಿಗೂ ಕೀಲಿ ಇದೆ. ಅಲ್ಲಿ ಸೇರಿಸೋಣ ಎಂದು ಈರಪ್ಪ ಒಂದು ವರ್ಷದಿಂದ ಹೇಳುತ್ತಿದ್ದ. ನಾನು ಒಂದು ವರ್ಷದಿಂದ ಮುಂದೂಡುತ್ತಿದ್ದೆ. ಅಂದು ಒಪ್ಪಂದವಾಯಿತು. ಈ ಎರಡು ದಿನದಲ್ಲಿ ಮಾಸ್ತರು ನನ್ನ ಕಣ್ಣು ತಪ್ಪಿಸಿ ಒಮ್ಮೆ ನೀರಿನ ಕಡೆ ಹೋದರೂ ಕೇಂದ್ರಕ್ಕೆ ಸೇರಿಸಲು ನಾನು ಒಪ್ಪಬೇಕು. ಹೋಗದಿದ್ದರೆ ಅವನು ಆ ಮಾತು ಎತ್ತಬಾರದು. ಕೈಮೇಲೆ ಕೈ ಇಟ್ಟೆ. ಇಟ್ಟ ಗಳಿಗೆಯಿಂದಲೇ ಸಿಟ್ಟು ಬಂತು, ಅವನ ಮೇಲಲ್ಲ, ಇಷ್ಟು ನ್ಯಾಯವಾಗಿ ಒಪ್ಪಿಬಿಟ್ಟ ನನ್ನ ಮೇಲೆ.

ಹಾಗೆ ಶುರುವಾಯಿತು ಫೋನು. ಪ್ರಶ್ನೆಗಳ ಪಟ್ಟಿ ಮಾಡಿಕೊಂಡೆ, ಹದಿನೇಳು ಪ್ರಶ್ನೆ. ಆಗ ತಿಳಿದ ಎರಡನೆಯ ಸತ್ಯವೆಂದರೆ, ಜಾಹೀರಾತಿನಲ್ಲಿ ಹೊಗಳಿಕೊಂಡದ್ದೆಲ್ಲ ನನಗೆ ಅಪಾಯ, ನನಗೆ ಬೇಕಾದದ್ದೆಲ್ಲ ಅವರಿಗೆ ನಾಚಿಕೆ. ಹೊಳೆಯ ದಂಡೆಯ ಒಂದು ಮನೆಯಾತ ಉತ್ಸಾಹದಿಂದ ಕುದಿಯುತ್ತಿದ್ದ.

“ಮೇಡಂ, ಬಾಗಲಾ ತಗದ್ರ ಸೀದಾ ನೀರ! ಇಂಥಾ ವ್ಯೂ ಎಲ್ಲೂ ಸಿಗಾಂಗಿಲ್ಲ.”

“ಬಾಗಲದಿಂದ ನೀರಿಗೆ ಎಷ್ಟ ಹೆಜ್ಜಿ ಆಗ್ತೈತ್ರಿ?”

“ಹನ್ನೊಂದ ಹೆಜ್ಜಿರಿ! ನಾನ ಎಣಿಸೇನಿ.”

“ಇನ್ನೂ ಜಾಸ್ತಿ ಹೆಜ್ಜಿ ಇರೂ ಖೋಲಿ ಐತೇನ್ರಿ?”

“ದೂರನ ಬೇಕಂದ್ರ ಮತ್ತ ನೀರ ಯಾಕ್ ಬೇಕ್ರಿ, ಮೇಡಂ?” ಎಂದ. ಅವನ ಪ್ರಶ್ನೆ ನನ್ನ ಹದಿನೇಳಕ್ಕಿಂತ ಸರಿಯಾಗಿತ್ತು; ಅದಕ್ಕೇ ಫೋನು ಇಟ್ಟೆ.

ಹಿನ್ನೀರಿನ ಬಳಿಯ ಇನ್ನೊಂದು ಮನೆಗೆ ನೀರಿನ ಕಡೆಯ ಗೋಡೆಯೇ ಇಲ್ಲ, ನೆಲದಿಂದ ಮಾಡಿನವರೆಗೆ ಗಾಜು. ಸಂಜೆ ದೀಪ ಹಚ್ಚಿದ ಕೂಡಲೇ ಗಾಜು ಕನ್ನಡಿಯಾಗುತ್ತದೆ. ಮಾಸ್ತರು ಕನ್ನಡಿಯಲ್ಲಿರುವ ಮುದುಕನೊಂದಿಗೆ ಜಗಳ ತೆಗೆಯುತ್ತಾರೆ, ಅವನು ತಮ್ಮ ಅಂಗಿ ಹಾಕಿಕೊಂಡಿದ್ದಾನೆ ಎಂಬುದು ತಕರಾರು. ನಮ್ಮ ಮನೆಯ ಕನ್ನಡಿಗಳಿಗೆಲ್ಲ ನಾನು ಸೀರೆ ಹೊದಿಸಿದ್ದೇನೆ. ಹಿನ್ನೀರಿಗೆ ಎಷ್ಟು ಸೀರೆ ಹೊದಿಸಲಿ?

ಮೂರನೆಯವನಿಗೆ ನೇರವಾಗಿ ಹೇಳಿಬಿಟ್ಟೆ, ನಮ್ಮವರು ಒಮ್ಮೊಮ್ಮೆ ಹೇಳದೆ ಕೇಳದೆ ಹೊರಟುಬಿಡುತ್ತಾರೆ ಎಂದು.

“ಕುಡೀತಾರೇನ್ರಿ?”

“ಇಲ್ರಿ.”

“ಹಂಗಾರ ಜಗಳಾಡಿ ಹೋಗ್ತಾರೇನು?”

“ಇಲ್ಲಪಾ. ಮರೀತಾರ.”

“ಓ, ಅಷ್ಟ ಹೌದಲ್ರಿ! ನಾನೂ ಅಗದಿ ಹಂಗ ಬಾಯಾರ. ನಿನ್ನಿ ಗಾಡಿ ಕೀಲಿ ಎಲ್ಲಿಟ್ಟೆ ಅಂತ ಹುಡುಕೇ ಹುಡುಕೇನಿ…” ಎಂದು ಹತ್ತು ನಿಮಿಷ ತನ್ನ ಮರೆವಿನ ಪುರಾಣ ಹೇಳಿದ. ಈ ರೋಗದ ಹೆಸರೆತ್ತಿದರೆ ಸಾಕು, ಎಲ್ಲರೂ ತಾವು ಕಳೆದುಕೊಂಡ ಕೀಲಿಗಳ ಕಥೆ ತೆಗೆಯುತ್ತಾರೆ. ಕೀಲಿ ಎಲ್ಲಿಟ್ಟೆ ಎಂಬುದು ಮರೆವು. ಕೀಲಿ ಎಂದರೇನು ಎಂಬುದು ಹೋದರೆ ಅದು ಈ ರೋಗ. ಇಷ್ಟನ್ನು ತಿಳಿಸಲು ನನಗೆ ಇಂದಿಗೂ ಆಗಿಲ್ಲ, ಭಾಷೆಯೇ ಹೊಟ್ಟೆಪಾಡಾಗಿದ್ದವಳಿಗೆ.

ಕೊನೆಗೆ ಸಿಕ್ಕದ್ದು ಕಲಘಟಗಿ ತಾಲೂಕಿನ ದೇವಿಕೊಪ್ಪದ ಆಚೆ, ಕೆರೆಯೊಂದರ ಬಳಿ ಎರಡು ಖೋಲಿಯ ಮನೆ. ನಡೆಸುವವಳು ಶಾಂತವ್ವ. ಅವಳ ಜಾಹೀರಾತಿನಲ್ಲಿ ಹಂಸದ ಟವೆಲಿರಲಿಲ್ಲ. ಒಂದು ಚಿತ್ರದ ಅರ್ಧ ಭಾಗವನ್ನು ಎಮ್ಮೆ ಆಕ್ರಮಿಸಿತ್ತು.

“ಬಾಗಲಕ್ಕ ಹೊರಗ ಅಗಳಿ ಐತೇನವಾ?”

“ಹೊರಗೂ ಐತ್ರಿ, ಒಳಗೂ ಐತಿ. ನಮ್ಮ ಎಮ್ಮಿ ಭಾಳ ಶ್ಯಾಣ್ಯಾ ಅದಾವ. ಅಗಳಿ ಇಲ್ಲಂದ್ರ ಸೀದಾ ಗಾದಿ ಮ್ಯಾಲ.”

“ನೀರಿಗೆ ಎಷ್ಟ ಹೆಜ್ಜಿ?”

“ಯಾಂವ ಎಣಸ್ಯಾನ್ರಿ? ಎಲಿ ಅಡಿಕಿ ಬಾಯಾಗ ಹಾಕ್ಕೊಂಡ ಹೊಂಟ್ರ ಕೆರಿ ಮುಟ್ಟೂದರಾಗ ಉಗುಳಬೇಕು.”

ನಡುವೆ ಮುಳ್ಳುತಂತಿಯ ಬೇಲಿ ಇತ್ತು, ಬೇಲಿಗೆ ಗೇಟಿತ್ತು. ಹದಿನೇಳಕ್ಕೆ ಹದಿನಾಲ್ಕು ಉತ್ತರ ಸರಿಯಾಗಿ ಬಂದವು. ಗೊತ್ತು ಮಾಡಿದೆ.

ಬಾಡಿಗೆ ಕಾರಿನಲ್ಲಿ ಹುಬ್ಬಳ್ಳಿ ದಾಟಿ ಕಲಘಟಗಿಯ ಹಾದಿ ಹಿಡಿದಾಗ ಕಪ್ಪು ನೆಲ ಕೆಂಪಾಗುತ್ತ ಬಂತು. ಮಾಸ್ತರು ಕಿಟಕಿಯ ಹೊರಗೆ ನೋಡುತ್ತ, “ಎಲ್ಲಿಗೆ ಹೊಂಟೇವ್ರಿ?” ಎಂದು ಕೇಳಿದರು. ಮೊದಲ ಸಲ ವಿವರವಾಗಿ ಹೇಳಿದೆ: ಊರು, ಕೆರೆ, ಶಾಂತವ್ವ, ಎರಡು ದಿನ, ಯಾಕೆ, ಹೇಗೆ. ಎರಡನೆಯ ಸಲ ಅರ್ಧಕ್ಕೆ ಇಳಿಸಿದೆ. ಆರನೆಯ ಸಲಕ್ಕೆ “ದೇವಿಕೊಪ್ಪದ ಕೆರಿಗೆ” ಎಂಬ ಶೀರ್ಷಿಕೆ ಮಾತ್ರ ಉಳಿಯಿತು. ಕಲಘಟಗಿ ಬಸ್‌ಸ್ಟ್ಯಾಂಡಿನ ಬಳಿ ಹನ್ನೊಂದನೆಯ ಸಲ ಕೇಳಿದಾಗ “ನನಗ ಗೊತ್ತಿಲ್ರಿ” ಎಂದೆ. ಮಾಸ್ತರು ನನ್ನ ಕಡೆ ಕನಿಕರದಿಂದ ನೋಡಿ, “ಅಂಜಬ್ಯಾಡ್ರಿ ಬಾಯಾರ, ಯಾರನ್ನರ ಕೇಳೂಣು” ಎಂದರು. ಡ್ರೈವರನು ನಗೆ ತಡೆಯಲಾರದೆ ಹಾರ್ನು ಹೊಡೆದ.

ಮುಟ್ಟಿದ ಕೂಡಲೇ ಪರಿಶೀಲನೆಗೆ ಇಳಿದೆ. ಗೇಟಿನಿಂದ ಕೆರೆಗಿಳಿಯುವ ಪಾವಟಿಗೆಯ ಮೊದಲ ಮೆಟ್ಟಿಲವರೆಗೆ ಇನ್ನೂರಾ ಆರು ಹೆಜ್ಜೆ. ಬಚ್ಚಲಿನ ನೆಲ ಒರಟು, ಒಳ್ಳೆಯದು. ಕನ್ನಡಿ ಒಂದೇ, ಗೋಡೆಗೆ ತಿರುಗಿಸಿದೆ. ಗೇಟಿಗೆ ಕೀಲಿ ಇಲ್ಲ ಎಂದು ನಾನು ಮುಖ ಗಂಟಿಕ್ಕಿದ್ದನ್ನು ಕಂಡು ಶಾಂತವ್ವ ಎಮ್ಮೆಯ ಕೊರಳಿನ ಗಂಟೆಯೊಂದನ್ನು ತಂದು ಗೇಟಿಗೆ ಕಟ್ಟಿದಳು. “ತಗದ್ರ ಢಣ್ ಅಂತೈತಿ, ಮಲಗಿದ ಹೆಣಾನೂ ಏಳ್ತೈತಿ” ಎಂದಳು. ಆ ಉಪಮೆಯನ್ನು ತಿದ್ದಬೇಕೆನಿಸಿತು.

ಊಟವಾಯಿತು. ಪಡಸಾಲೆಯಲ್ಲಿ ಕೆರೆಗೆ ಮುಖಮಾಡಿ ಎರಡು ಖುರ್ಚಿ ಹಾಕಿದೆ. ಮಾಸ್ತರು ತಮ್ಮ ಖುರ್ಚಿಯನ್ನು ತಿರುಗಿಸಿ ಎಮ್ಮೆಗಳ ಕಡೆ ಮುಖಮಾಡಿ ಕುಳಿತರು. ನಾನು ಖುರ್ಚಿಯನ್ನು ನೀರಿನ ಕಡೆ ತಿರುಗಿಸಿದೆ. ಅವರು ಮತ್ತೆ ಎಮ್ಮೆಯ ಕಡೆ ತಿರುಗಿಸಿದರು. ಇದು ನಾಲ್ಕು ಸಲ ನಡೆಯಿತು. ಸಿಟ್ಟು ಬಂತೆಂದರೆ ಸಾಲದು. ಹದಿನೈದು ದಿನ, ಹದಿನೇಳು ಪ್ರಶ್ನೆ, ಇನ್ನೂರಾ ಆರು ಹೆಜ್ಜೆ, ಎಲ್ಲ ಎಮ್ಮೆ ನೋಡುವುದಕ್ಕೆ! ಎಮ್ಮೆ ಕುಂದಗೋಳದಲ್ಲಿಲ್ಲವೇ? ನೋಡಲಿ ಬಿಡು ಎಂದು ನಾನು ನನ್ನ ಖುರ್ಚಿಗೆ ಒರಗಿದೆ. ನೀರು ಮಧ್ಯಾಹ್ನದ ಬಿಸಿಲಿಗೆ ಅಲ್ಲಾಡದೆ ಬಿದ್ದಿತ್ತು. ಒಂದು ಹಕ್ಕಿ ಅದರ ಮೇಲೆ ಗೆರೆ ಎಳೆಯಿತು. ಆ ಗೆರೆ ಅಳಿಸುವವರೆಗೆ ನೋಡೋಣ ಎಂದುಕೊಂಡದ್ದು ನೆನಪಿದೆ.

ಎಚ್ಚರವಾದಾಗ ಬಾಜೂ ಖುರ್ಚಿ ಖಾಲಿ.

ಗಂಟೆ ಹೊಡೆದಿರಲಿಲ್ಲ. ಹೊಡೆಯುವುದಾದರೂ ಹೇಗೆ? ಗೇಟು ಹಾರುಹೊಡೆದಿತ್ತು. ಎಮ್ಮೆಗಳನ್ನು ನೀರಿಗೆ ಬಿಡುವ ಹೊತ್ತು ಅದು. ಎಲ್ಲ ಗೇಟುಗಳೂ ದಿನಕ್ಕೊಮ್ಮೆ ತೆರೆಯಲೆಂದೇ ಇರುತ್ತವೆ ಎಂಬುದು ನನ್ನ ಪಟ್ಟಿಯಲ್ಲಿರಲಿಲ್ಲ. ಓಡಿದೆ. ಅರವತ್ತೆಂಟರ ಮೊಣಕಾಲು ಎಷ್ಟು ಓಡುತ್ತದೋ ಅಷ್ಟು. ಏರಿಯ ಮೇಲೆ ಹತ್ತಿದೆ. ಅಲ್ಲಿ, ಪಾವಟಿಗೆಯ ಮೇಲ್ತುದಿಯಲ್ಲಿ, ಮಾಸ್ತರ ಚಪ್ಪಲಿಗಳು ಜೋಡಿಸಿಟ್ಟ ಹಾಗೆ ಇದ್ದವು.

ನೀವು ಪತ್ರಿಕೆಯ ಓದುಗರಾದರೆ ನಿಮಗೂ ಆ ವಾಕ್ಯ ಗೊತ್ತಿರುತ್ತದೆ. ಒಳಪುಟದಲ್ಲಿ, ಒಂದೇ ಕಾಲಮ್ಮಿನಲ್ಲಿ, ಊರಿನ ಹೆಸರೂ ವಯಸ್ಸೂ ಬಂದ ಮೇಲೆ ಬರುವ ಮೂರನೆಯ ವಾಕ್ಯ: ಕೆರೆಯ ದಂಡೆಯ ಮೇಲೆ ಚಪ್ಪಲಿಗಳು ಪತ್ತೆಯಾಗಿವೆ. ಇಂಥ ಸುದ್ದಿಗಳನ್ನು ನಾನು ಎಷ್ಟು ತಿದ್ದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ‘ಪತ್ತೆಯಾಗಿವೆ’ ಎಂದಿದ್ದನ್ನು ‘ಸಿಕ್ಕಿವೆ’ ಎಂದು ಮಾಡುತ್ತಿದ್ದೆ, ಎರಡು ಅಕ್ಷರದ ಜಾಗ ಉಳಿಯಲೆಂದು. ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ, ಆ ಏರಿಯ ಮೇಲೆ ನಿಂತ ಗಳಿಗೆಯಲ್ಲಿ ಕೂಗಬೇಕಾದ ನನ್ನ ಬಾಯಿ ಕೂಗಲಿಲ್ಲ. ತಲೆ ಆ ವಾಕ್ಯವನ್ನು ತಿದ್ದಿತು. ಪತ್ತೆಯಾಗಿವೆ. ಸಿಕ್ಕಿವೆ.

ಅಷ್ಟರಲ್ಲಿ ಕೆಳಗಿನಿಂದ ತರಗತಿಯ ದನಿ ಕೇಳಿತು.

“ಏ, ಏಳ ಮ್ಯಾಲ! ಬೂಟ ಹಾಕ್ಕೊಂಡ ನೀರಾಗ ಕಾಲ ಬಿಟ್ಟ ಕುಂತೀಯಲ್ಲ, ಯಾ ಊರಾಂವ ನೀ?”

ಮಾಸ್ತರು ನೀರಿಗಿಂತ ನಾಲ್ಕು ಮೆಟ್ಟಿಲು ಮೇಲೆ, ಬರಿಗಾಲಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಕೆಳಗಿನ ಮೆಟ್ಟಿಲಲ್ಲಿ ಕಾರಿನಲ್ಲಿ ಬಂದಿದ್ದ ಇಬ್ಬರು ಗೃಹಸ್ಥರು. ಒಬ್ಬ ಬೂಟುಗಾಲು ನೀರಿಗಿಟ್ಟಿದ್ದ, ಇನ್ನೊಬ್ಬನ ಕೈಯಲ್ಲಿ ತೊಳೆಯಲು ತಂದ ಕಾರಿನ ಮ್ಯಾಟು.

“ಹುಬ್ಬಳ್ಳಿಯವರ್ರಿ, ಸರ್…”

“ಹುಬ್ಬಳ್ಳ್ಯಾಗ ನಳಾ ಅದಾವ, ಹಂಗಾಗಿ ನಿಮಗ ನೀರಿನ ಕಿಮ್ಮತ್ತ ಗೊತ್ತಿಲ್ಲ. ಹತ್ತ ಮ್ಯಾಲ! ಆ ಹೊಲಸ ತಗೊಂಡ ನೀನೂ ಹತ್ತ!”

ಇಬ್ಬರೂ ಹತ್ತಿದರು, ಗಣಿತ ತಪ್ಪಿದ ಹುಡುಗರ ಹಾಗೆ. ಆಚೆ ಕಡೆ ಎಮ್ಮೆಗಳ ಬಳಿ ನಿಂತ ಶಾಂತವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. “ಮಾಸ್ತರ, ಇದು ಕುಡಿಯೂ ಕೆರಿ ಅಲ್ರಿ, ದನದ ಕೆರಿ!”

“ದನಾ ಏನ ಕುಡಿಯೂದಿಲ್ಲೇನ ಮತ್ತ?” ಎಂದು ಅವಳಿಗೂ ಒಂದು ಕೊಟ್ಟರು. ಆಮೇಲೆ ಏದುಸಿರು ಬಿಡುತ್ತ ಮೆಟ್ಟಿಲಿಳಿಯುತ್ತಿದ್ದ ನನ್ನ ಪಾದಗಳ ಮೇಲೆ ಅವರ ಕಣ್ಣು ಬಿತ್ತು. “ಬಾಯಾರ! ಕಲತವ್ರ ಹಂಗ ಕಾಣ್ತೀರಿ, ಚಪ್ಪಲ್ ಮೆಟಗೊಂಡ ಕೆರಿಗೆ ಇಳೀತೀರಲ್ಲ, ಶೋಭಸ್ತೈತೇನು?”

ಆ ಮನುಷ್ಯನ ಎರಡೂ ಭುಜ ಹಿಡಿದು ಅಲ್ಲಾಡಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಚಪ್ಪಲಿ ಬಿಟ್ಟೆ. ಬಿಸಿಲಿಗೆ ಕಲ್ಲು ಸುಡುತ್ತಿತ್ತು.

ಮದುವೆಯಾದ ಹೊಸದರಲ್ಲಿ ತಿರ್ಲಾಪುರದಲ್ಲಿ ನಾನು ಮೊದಲ ಸಲ ಕೊಡ ಹೊತ್ತು ಕೆರೆಗೆ ಹೋದದ್ದು ಆಗ ನೆನಪಾಯಿತು. ಎರೆ ಸೀಮೆಯ ಆ ಊರುಗಳಲ್ಲಿ ಬಾವಿ ತೋಡಿದರೆ ಸವುಳು ನೀರು. ಕುಡಿಯಲು ಮಳೆಯಿಂದ ತುಂಬಿದ ಒಂದೇ ಕೆರೆ. ಅದರೊಳಗೆ ಯಾರೂ ಕಾಲಿಡುವುದಿಲ್ಲ, ಕೈ ತೊಳೆಯುವುದಿಲ್ಲ, ಚಪ್ಪಲಿ ಏರಿಯ ಮೇಲೆಯೇ ಬಿಡಬೇಕು. ಪೇಟೆಯಲ್ಲಿ ಬೆಳೆದ ನಾನು ಗೊತ್ತಿಲ್ಲದೆ ಮೆಟ್ಟಿಕೊಂಡೇ ಇಳಿದೆ. ಅತ್ತೆ ಎಲ್ಲರೆದುರು ತಡೆದು, “ಇದೇನ ನಿಮ್ಮ ಬಜಾರ ಅಂತ ತಿಳದೀಯೇನವಾ?” ಎಂದು ಕೇಳಿ, ತಾವೇ ಬಗ್ಗಿ ನನ್ನ ಚಪ್ಪಲಿ ತೆಗೆದು ಏರಿಯ ಮೇಲಿಟ್ಟಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಮನೆಗೊಬ್ಬರಂತೆ ಪಾಳಿ ಹಚ್ಚಿ ಕೆರೆ ಕಾಯುತ್ತಿದ್ದರು. ಈ ಮನೆಯ ಪಾಳಿಗೆ ಗಣಿತದ ಪುಸ್ತಕ ಹಿಡಿದು ಕೂಡುತ್ತಿದ್ದದ್ದು ಹಿರಿಯ ಮಗ ಎಂದೂ ಅತ್ತೆಯೇ ಹೇಳಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಎಪ್ಪತ್ತೆರಡು ವರ್ಷದ ಮನುಷ್ಯನ ಬಗ್ಗೆ ನನಗೆ ತಿಳಿದಿದ್ದ ಅತ್ಯಂತ ಉಪಯೋಗದ ಸಂಗತಿ ಅದು, ಅದನ್ನು ಮರೆತು ಚಿಲಕದ ಎತ್ತರ ಕೇಳುತ್ತ ಕುಳಿತಿದ್ದೆ. ಯಾವ ವರದಿಯಲ್ಲೂ ಆಪಾದಿತನ ಹೇಳಿಕೆ ಇಲ್ಲದೆ ಅಚ್ಚಿಗೆ ಬಿಡದವಳು, ಈ ಮನುಷ್ಯನಿಗೂ ನೀರಿಗೂ ಏನು ಸಂಬಂಧ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಹಾಗೆಂದು ಈ ಬರಹವನ್ನು ಇಲ್ಲಿಗೆ ಸಿಹಿಯಾಗಿ ಮುಗಿಸಿದರೆ ನಿಮಗೆ ಮೋಸ ಮಾಡಿದಂತೆ. ಒಂದು ಘಟನೆಯಿಂದ ಏನೂ ಸಾಬೀತಾಗುವುದಿಲ್ಲ. ಈ ರೋಗ ಮನೆಯ ಹೆಸರನ್ನು, ಹೆಂಡತಿಯ ಮುಖವನ್ನು ತಿಂದು, ಇದೊಂದನ್ನು ಇನ್ನೂ ಮುಟ್ಟಿಲ್ಲ, ಅಷ್ಟೇ. ಮುಂದಿನ ವರ್ಷ, ಮುಂದಿನ ತಿಂಗಳು, ಅದನ್ನೂ ಮುಟ್ಟಬಹುದು. ಆ ದಿನ ನೀರು ಬರೀ ನೀರಾಗುತ್ತದೆ. ಮತ್ತು ಒಪ್ಪಂದದ ಮಾತೇ ಬೇರೆ. ಮಾಸ್ತರು ನನ್ನ ಕಣ್ಣು ತಪ್ಪಿಸಿ ನೀರಿನ ಕಡೆ ಹೋಗಿದ್ದರು. ಯಾಕೆ ಹೋದರು, ಹೋಗಿ ಏನು ಮಾಡಿದರು ಎಂಬ ಉಪವಾಕ್ಯಗಳು ನಮ್ಮ ಕರಾರಿನಲ್ಲಿರಲಿಲ್ಲ. ನಮ್ಮ ಪರಿಚಯದವರಲ್ಲಿ ನೋಡಿದವಳು ಶಾಂತವ್ವ ಒಬ್ಬಳು, ಅವಳೂ “ನಿಮಗ ಜೋರ ನಿದ್ದಿ ಹತ್ತಿತ್ತು, ಎಬ್ಬಸೂದ ಯಾಕಂತ ಬಿಟ್ಟೆ. ಎಮ್ಮಿ ಹಿಂದ ಬಂದ್ರು, ನಾ ನೋಡೇನಿ” ಎಂದು ನಿರುಮ್ಮಳವಾಗಿದ್ದಳು. ಸುಮ್ಮನಿದ್ದರೆ ಈರಪ್ಪನಿಗೆ ತಿಳಿಯುವ ಸಂಭವವೇ ಇರಲಿಲ್ಲ.

ಸಂಜೆ ಅವನ ಫೋನು ಬಂತು. “ಎಲ್ಲಾ ಬರೋಬ್ಬರಿ ಐತೇನ್ರಿ, ವೈನಿ?”

ಬರೋಬ್ಬರಿ ಎಂಬ ಒಂದು ಶಬ್ದ ಹೇಳಿದರೆ ಮುಗಿಯುತ್ತಿತ್ತು. ಬಾಯಿಯವರೆಗೂ ಬಂತು. ಆದರೆ ನನಗೆ ಆ ಕಲೆ ಬರುವುದಿಲ್ಲ, ಬರುತ್ತಿದ್ದರೆ ಪತ್ರಿಕೆಯಲ್ಲಿ ಇನ್ನೂ ಮೇಲಕ್ಕೆ ಹೋಗುತ್ತಿದ್ದೆನೇನೋ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ನಾನು ಮಲಗಿದೆ ಎಂಬುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, “ಕರಾರಿನ ಪ್ರಕಾರ ನಾ ಸೋತೇನಿ, ಈರಪ್ಪ. ಏನ ಮಾಡ್ತಿ ನೋಡು” ಎಂದೆ. ಒಳಗೆ ಮಾಸ್ತರು ಶಾಂತವ್ವ ಕೊಟ್ಟ ಚಹಾದ ಬಗ್ಗೆ ಅವಳಿಗೆ ಧನ್ಯವಾದ ಹೇಳುತ್ತಿದ್ದರು.

ಅವನು ಕೇಳಿದ.

“ಚಪ್ಪಲ್ ಬಿಟ್ಟಿದ್ನೇನು?”

“ಬಿಟ್ಟಿದ್ರು. ಏರಿ ಮ್ಯಾಲ.”

“ಕಾಲ ತೊಯ್ದಿದ್ದೂವೇನು?”

“ಇಲ್ಲ. ಒಣಾ ಇದ್ದೂವು.”

“ಹೂಂ,” ಎಂದ. “ನೀವು ಭಾಳ ದಿನದಿಂದ ಮಲಗಿಲ್ಲೇನ್ರಿ, ವೈನಿ?”

ಇದು ನನ್ನ ಪಟ್ಟಿಯಲ್ಲಿರದ ಪ್ರಶ್ನೆ. ನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಮುಂಜಾನಿ ಮೊದಲ ಬಸ್ಸಿಗೆ ಬರ್ತೇನಿ,” ಎಂದು ಇಟ್ಟುಬಿಟ್ಟ. ಕರೆದೊಯ್ಯಲು ಬರುತ್ತಾನೋ, ಕೂಡಿ ಇರಲು ಬರುತ್ತಾನೋ ಹೇಳಲಿಲ್ಲ. ಈ ಮನೆತನದ ಗಂಡಸರಿಗೆ ವಾಕ್ಯ ಪೂರ್ತಿ ಮಾಡುವ ರೂಢಿ ಮೊದಲಿನಿಂದಲೂ ಇಲ್ಲ. ಅದಕ್ಕೆ ಯಾವ ರೋಗವೂ ಬೇಕಾಗಿಲ್ಲ.

ಮರುದಿನ ಹನ್ನೊಂದರ ಹೊತ್ತಿಗೆ ಬಂದ, ಕೈಯಲ್ಲಿ ರೊಟ್ಟಿಯ ಗಂಟು. ಮಾಸ್ತರು ತಮ್ಮನನ್ನು ಮೇಲಿಂದ ಕೆಳಗೆ ನೋಡಿ, “ಯಾರ್ರಿ ತಾವು?” ಎಂದು ಕೇಳಿದರು. ಈರಪ್ಪನ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ, ಕೇಂದ್ರದ ಮಾತೆತ್ತದೆ, ಗಂಟು ನನ್ನ ಕೈಗೆ ಕೊಟ್ಟು, “ತಿರ್ಲಾಪುರದಾಂವರಿ. ಕೆರಿ ಕಾಯಾಕ ಬಂದೇನಿ” ಎಂದ. ಮಾಸ್ತರು ತಲೆಯಾಡಿಸಿ ಎದ್ದರು. ಇಬ್ಬರೂ ಗೇಟಿನ ಗಂಟೆ ಬಾರಿಸಿಕೊಂಡು ಹೊರಟರು. ನಾನು ಹಿಂದೆ ಹೋಗಲಿಲ್ಲ. ಏರಿಯ ಮೇಲೆ, ಜಾಲಿಯ ನೆರಳಿನಲ್ಲಿ, ಎರಡು ಬೆನ್ನುಗಳು ಕುಳಿತದ್ದು ಪಡಸಾಲೆಯಿಂದ ಕಾಣುತ್ತಿತ್ತು.

ಊಟದ ಹೊತ್ತು ಮೀರಿದಾಗ ನನ್ನ ಫೋನು ಬಡಿದುಕೊಂಡಿತು. ಈರಪ್ಪ ಪಿಸುಮಾತಿನಲ್ಲಿದ್ದ.

“ವೈನಿ, ಹೊಟ್ಟಿ ಹಸದೈತಿ. ಏಳಾಕ ಬಿಡವಲ್ಲ. ಎದ್ರ ಕೈ ಹಿಡದ ಕುಂದ್ರಸ್ತಾನ. ಪಾಳಿ ಮುಗದಿಲ್ಲಂತ!”

“ಯಾವಾಗ ಮುಗೀತೈತಂತ?”

ಆ ಕಡೆ ಅವನು ಕೇಳಿದ್ದು, ಮಾಸ್ತರು ಗಂಭೀರವಾಗಿ ಉತ್ತರಿಸಿದ್ದು ಎರಡೂ ಕೇಳಿಸಿದವು. “ಹೊತ್ತ ಮುಣಗಿದ ಮ್ಯಾಲಂತ್ರಿ,” ಎಂದ ಈರಪ್ಪ, ಅಳುವ ದನಿಯಲ್ಲಿ.

“ಹಂಗಾರ ಕುಂದರ್ರಿ,” ಎಂದೆ. ಇಬ್ಬರಿಗೂ ರೊಟ್ಟಿ ಕಟ್ಟಿ ಶಾಂತವ್ವನ ಕೈಯಲ್ಲಿ ಕಳಿಸಿ, ಒಳಗೆ ಹೋಗಿ, ಮುಖದ ಮೇಲೆ ಸೆರಗು ಎಳೆದುಕೊಂಡು ಮಲಗಿದೆ.